ಲೈಫ್ ಆಟದಲ್ಲಿ ಎಲ್ಲ ಅವಧಿಯ ಆಸಿಲೇಟರ್ ಇವೆಯಾ? 2, 3, 15 ಸಿಕ್ಕವು, 7 ಎಲ್ಲಿದೆ?

ಸಾಧನಕೇರಿ_ಮಾಸ್ತರ (ಧಾರವಾಡ)

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ಈ ಸಲ ಒಂಬತ್ತನೇ ತರಗತಿಗೆ ಗಣಿತಜ್ಞ ಜಾನ್ ಕಾನ್ವೇ ಅವರ ಲೈಫ್ ಆಟ ತೋರಿಸಿದೆ. ಗೊತ್ತಿಲ್ಲದವರಿಗಾಗಿ ನಿಯಮ ಹೇಳಿಬಿಡುತ್ತೇನೆ. ಚೌಕುಳಿ ಹಾಳೆ ತಗೊಳ್ಳಿ. ಪ್ರತಿ ಮನೆಗೆ ಸುತ್ತಲೂ ಎಂಟು ನೆರೆಮನೆ. ತುಂಬಿದ ಮನೆಗೆ ಎರಡೋ ಮೂರೋ ತುಂಬಿದ ನೆರೆ ಇದ್ದರೆ ಅದು ಮುಂದಿನ ಹೆಜ್ಜೆಗೆ ಉಳಿಯುತ್ತದೆ, ಇಲ್ಲದಿದ್ದರೆ ಖಾಲಿಯಾಗುತ್ತದೆ. ಖಾಲಿ ಮನೆಗೆ ಸರಿಯಾಗಿ ಮೂರು ತುಂಬಿದ ನೆರೆ ಇದ್ದರೆ ಅದು ತುಂಬುತ್ತದೆ. ಎಲ್ಲ ಮನೆಗಳೂ ಒಟ್ಟಿಗೇ ಬದಲಾಗಬೇಕು. ಇಷ್ಟೇ.

ಮಕ್ಕಳು ಲ್ಯಾಬಿನಲ್ಲಿ 32×32 ಮನೆಗಳ ಒಂದು ಪ್ರೋಗ್ರಾಂನಲ್ಲಿ ಆಡುತ್ತಿದ್ದಾರೆ. ಒಬ್ಬ ಹುಡುಗ ಮಾತ್ರ ಬೇರೆ ರೀತಿ. ಚಂದ ಕಾಣಿಸುವುದರ ಹಿಂದೆ ಹೋಗದೆ, ಯಾವ ಆಕಾರ ಎಷ್ಟು ಹೆಜ್ಜೆಗೆ ತನ್ನ ಮೊದಲ ರೂಪಕ್ಕೆ ವಾಪಸ್ ಬರುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋಗಿದ್ದಾನೆ. ಹಾಗೆ ವಾಪಸ್ ಬರುವ ಆಕಾರವೇ ಆಸಿಲೇಟರ್, ಅದಕ್ಕೆ ಬೇಕಾದ ಹೆಜ್ಜೆಗಳ ಸಂಖ್ಯೆಯೇ ಅವಧಿ. ಅವನ ಪಟ್ಟಿಯಲ್ಲಿ 2 ಇದೆ, 3 ಇದೆ, ಹತ್ತು ಮನೆ ಸಾಲಾಗಿ ತುಂಬಿದಾಗ ಬಂದ 15 ಇದೆ, ಕೊನೆಗೆ 128 ಅಂತ ಒಂದಿದೆ. ನಂತರ ಬಂದು ಕೇಳಿದ, "ಸರ್, 7 ಯಾಕೆ ಸಿಗಲಿಲ್ಲ? ಎಲ್ಲ ಸಂಖ್ಯೆಗೂ ಒಂದೊಂದು ಆಕಾರ ಇದೆಯಾ?"

ಈ ಪ್ರಶ್ನೆಗೆ ಸುಮ್ನೆ 'ಇದೆ' ಅಥವಾ 'ಇಲ್ಲ' ಅಂದರೆ ಸಾಲದು ಅನಿಸಿತು. ಹೇಗೆ ಗೊತ್ತಾಯಿತು ಅನ್ನುವುದನ್ನೂ ಹೇಳಬೇಕು. ತಿಳಿದವರು ಬಿಡಿಸಿ ಬರೆಯುತ್ತೀರಾ? ಆ 128ರ ಬಗ್ಗೆಯೂ ಹೇಳಿ.

ವಿದ್ಯಾನಗರ_07 (ಹುಬ್ಬಳ್ಳಿ)

ಸರ್, 128 ಗ್ಲೈಡರ್ ಇರಬೇಕು. ಐದು ಮನೆಯ ಸಣ್ಣ ಆಕಾರ, ಓರೆಯಾಗಿ ಜರುಗುತ್ತಾ ಹೋಗುವುದು, ಅಲ್ವಾ? ನಾಲ್ಕು ಹೆಜ್ಜೆಗೆ ಒಂದು ಮನೆ ಜರುಗುತ್ತದೆ. ನಿಮ್ಮ ಪ್ರೋಗ್ರಾಂನಲ್ಲಿ ಬಲಗಡೆ ಹೊರಗೆ ಹೋದದ್ದು ಎಡಗಡೆ ಬರುತ್ತದೆ, ಕೆಳಗೆ ಹೋದದ್ದು ಮೇಲೆ ಬರುತ್ತದೆ ಅನಿಸುತ್ತೆ. ಹಾಗಿದ್ದರೆ 32 ಸಲ ಜರುಗಿದ ಮೇಲೆ ಹೊರಟ ಜಾಗಕ್ಕೇ ಬಂತು. 32×4 = 128.

ಸಾಧನಕೇರಿ_ಮಾಸ್ತರ (ಧಾರವಾಡ)

ಹೌದಪ್ಪ, ಸುತ್ತಿ ಬರುವ ಹಾಳೆಯೇ. ಹಾಗಾದರೆ ಅದನ್ನು ಪಟ್ಟಿಯಲ್ಲಿ ಬಿಡಬೇಕೋ, ತೆಗೆಯಬೇಕೋ?

ಹಾವೇರಿ_ಅಕ್ಕೋರು (ಹಾವೇರಿ)

ತೆಗೆಯಿರಿ ಮಾಸ್ತರೆ, ಆದರೆ ಯಾಕೆ ತೆಗೆದಿರಿ ಅಂತ ಹುಡುಗನಿಗೆ ಹೇಳಿ ತೆಗೆಯಿರಿ. ಮುಖ್ಯವಾದ ಮಾತು ಅದೇ.

ಮನೆಗಳ ಸಂಖ್ಯೆಗೆ ಮಿತಿ ಇರುವ ಹಾಳೆಯಲ್ಲಿ ಏನನ್ನೇ ಬಿಟ್ಟರೂ ಅದು ಒಂದು ದಿನ ಸುತ್ತಿಗೆ ಬೀಳಲೇಬೇಕು. 32×32 ಅಂದರೆ 1024 ಮನೆ. ಪ್ರತಿ ಮನೆ ತುಂಬಿರಬಹುದು ಅಥವಾ ಖಾಲಿ ಇರಬಹುದು. ಹಾಗಾಗಿ ಒಟ್ಟು ಚಿತ್ರಗಳ ಸಂಖ್ಯೆ 2ರ 1024ನೇ ಘಾತ. ದೈತ್ಯ ಸಂಖ್ಯೆ, ಆದರೂ ಮಿತಿ ಇದೆ. ಹೆಜ್ಜೆ ಹಾಕುತ್ತಾ ಹೋದರೆ ಎಂದೋ ಒಂದು ಸಲ ಹಳೆಯ ಚಿತ್ರವೇ ಮತ್ತೆ ಬರಬೇಕು. ಒಮ್ಮೆ ಬಂತೆಂದರೆ ಅಲ್ಲಿಂದ ಮುಂದೆ ನಡೆದದ್ದೇ ನಡೆಯುತ್ತದೆ, ಏಕೆಂದರೆ ನಿಯಮದಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲ. ಅಂದರೆ ಅಲ್ಲಿ ಮರುಕಳಿಸುವುದು ಹಾಳೆಯ ಗುಣ, ಆಕಾರದ ಗುಣ ಅಲ್ಲ.

ಅದಕ್ಕೇ ಪ್ರಶ್ನೆಯನ್ನು ಕೊನೆಯಿಲ್ಲದ ಬಯಲಿನ ಮೇಲೆ ಕೇಳಬೇಕು. ಅಲ್ಲಿ ಗ್ಲೈಡರ್ ಹೋದದ್ದು ಹೋಯಿತು, ವಾಪಸ್ ಬರುವುದಿಲ್ಲ. ಅಂಥದಕ್ಕೆ ಸ್ಪೇಸ್‌ಶಿಪ್ ಅನ್ನುತ್ತಾರೆ. ಎಲ್ಲಿ ಹೊರಟಿತೋ ಅದೇ ಜಾಗದಲ್ಲಿ, ಅದೇ ರೂಪಕ್ಕೆ, ಹೊರಗಿನವರ ಸಹಾಯ ಇಲ್ಲದೆ ಬಂದು ನಿಲ್ಲುವ ಆಕಾರ ಮಾತ್ರ ಆಸಿಲೇಟರ್.

ಬೆಟಗೇರಿ_ಮಗ್ಗ (ಗದಗ)

ನಾನು ಗಣಿತ ಓದಿದವನಲ್ಲ, ನೇಕಾರಿಕೆ ಮನೆತನ. ಚೌಕುಳಿ ಹಾಳೆ ಅಂದ ಕೂಡಲೇ ಓದಲು ಬಂದೆ. ಈ 2, 3 ಅವಧಿಯ ಆಕಾರ ಹೇಗಿರುತ್ತವೆ ಅಂತ ಯಾರಾದರೂ ಬಿಡಿಸಿ ತೋರಿಸಿ.

ವಿದ್ಯಾನಗರ_07 (ಹುಬ್ಬಳ್ಳಿ)

ಅಣ್ಣಾ, ಎಲ್ಲಕ್ಕಿಂತ ಸಣ್ಣದು ಬ್ಲಿಂಕರ್. ಮೂರು ಮನೆ ಒಂದು ಸಾಲು.

□□□
■■■
□□□

ನಡುವಿನ ಮನೆಗೆ ಎರಡು ನೆರೆ, ಅದು ಉಳಿಯಿತು. ತುದಿಯವಕ್ಕೆ ಒಂದೊಂದೇ ನೆರೆ, ಹೋದವು. ನಡುವಿನ ಮನೆಯ ಮೇಲೂ ಕೆಳಗೂ ಇರುವ ಖಾಲಿ ಮನೆಗೆ ಮೂರು ಮೂರು ನೆರೆ, ಅವು ತುಂಬಿದವು. ಅಡ್ಡ ಇದ್ದದ್ದು ಉದ್ದ ಆಯಿತು. ಇನ್ನೊಂದು ಹೆಜ್ಜೆಗೆ ಮತ್ತೆ ಅಡ್ಡ. ಅವಧಿ 2.

ಇನ್ನೊಂದು ಟೋಡ್. ಇದೂ 2.

□□□□
□■■■
■■■□
□□□□

ಮುಂದಿನ ಹೆಜ್ಜೆ:

□□■□
■□□■
■□□■
□■□□

ಅವಧಿ 3ರದು ಪಲ್ಸರ್. ಸ್ವಲ್ಪ ದೊಡ್ಡದು, ಅದಕ್ಕೇ ಇಲ್ಲಿ ಬಿಡಿಸುವುದಿಲ್ಲ. ಮೂರು ರೂಪಗಳಲ್ಲಿ ಅದರ ತುಂಬಿದ ಮನೆ 48, 56, 72. ಕಾನ್ವೇ ಅವರು 1970ರಲ್ಲಿ ಅದಕ್ಕೆ ಇಟ್ಟ ಮೊದಲ ಹೆಸರೇ ಸಿಪಿ 48-56-72. ಹಾಳೆಯ ಮೇಲೆ ಗೊತ್ತುಗುರಿ ಇಲ್ಲದೆ ಚುಕ್ಕೆ ಚೆಲ್ಲಿ ಬಿಟ್ಟರೂ ಇದು ಆಗಾಗ ತಾನಾಗಿಯೇ ಹುಟ್ಟಿಕೊಳ್ಳುತ್ತದೆ.

ಅವಧಿ 8 ಬೇಕಾದರೆ 3×3ರ ಎರಡು ತುಂಬಿದ ಚೌಕಗಳನ್ನು ಮೂಲೆಗೆ ಮೂಲೆ ತಾಗುವಂತೆ ಇಡಿ. ಅದು ಫಿಗರ್ ಎಯ್ಟ್. ಸೈಮನ್ ನಾರ್ಟನ್ 1970ರಲ್ಲೇ ಕಂಡುಹಿಡಿದರು.

ಉಣಕಲ್_ಕೋಡರ್ (ಹುಬ್ಬಳ್ಳಿ)

ಮಾಸ್ತರೆ, ನಿಮ್ಮ ಹುಡುಗ ಕೇಳಿದ್ದು ಸಣ್ಣ ಪ್ರಶ್ನೆ ಅಲ್ಲ. ಉತ್ತರ ಸಿಗಲು 53 ವರ್ಷ ಬೇಕಾಯಿತು. ಉತ್ತರ 'ಹೌದು'. ಪ್ರತಿ ಸಂಖ್ಯೆಗೂ ಆಸಿಲೇಟರ್ ಇದೆ. ಕೊನೆಯದಾಗಿ ಉಳಿದಿದ್ದವು 19 ಮತ್ತು 41. ಎರಡೂ 2023ರಲ್ಲಿ ಸಿಕ್ಕವು. ಅದೇ ವರ್ಷ ಡಿಸೆಂಬರ್‌ನಲ್ಲಿ ಏಳು ಜನ ಸೇರಿ ಪ್ರಬಂಧ ಬರೆದು, ಲೈಫ್ ಆಟ ಎಲ್ಲ ಅವಧಿಗಳನ್ನೂ ಒಳಗೊಂಡಿದೆ ಅಂತ ತೋರಿಸಿದರು. ಕಾನ್ವೇ 2020ರ ಏಪ್ರಿಲ್‌ನಲ್ಲೇ ತೀರಿಕೊಂಡಿದ್ದರು, ಇದನ್ನು ನೋಡಲಿಲ್ಲ. ಅದು ನನಗೆ ಇಂದಿಗೂ ಸಂಕಟ ತರುವ ಸಂಗತಿ.

7ರದ್ದು ತುಂಬಾ ಹಿಂದೆಯೇ ಸಿಕ್ಕಿದೆ, 1972ರಲ್ಲಿ, ಡೇವ್ ಬಕಿಂಗ್‌ಹ್ಯಾಮ್ ಅವರಿಂದ. ಆದರೆ ಅದು ಚುಕ್ಕೆ ಚೆಲ್ಲಿದರೆ ಬರುವಂಥದಲ್ಲ, ಕೂತು ಕಟ್ಟಬೇಕಾದದ್ದು. ಅದಕ್ಕೇ ಹುಡುಗನ ಪಟ್ಟಿಯಲ್ಲಿ ಬಂದಿಲ್ಲ.

ಈಗ ನನಗೆ ನಿಜವಾಗಿ ಹೇಳಬೇಕಾದದ್ದು ಬೇರೆ ಇದೆ. ದೊಡ್ಡ ಸಂಖ್ಯೆಗಳು ಸುಲಭ, ಸಣ್ಣವೇ ಕಷ್ಟ. 1,00,003 ಹೆಜ್ಜೆಯ ಆಸಿಲೇಟರ್ ಬೇಕು ಅಂದರೆ ಇವತ್ತು ಸಂಜೆಯೊಳಗೆ ಕಟ್ಟಿಕೊಡಬಹುದು. 19ಕ್ಕೆ ಮಾತ್ರ ಐದು ದಶಕ ಹಿಡಿಯಿತು. ಯಾಕೆ ಅಂತ ರಾತ್ರಿ ಬಂದು ಬರೆಯುತ್ತೇನೆ, ಈಗ ಕೆಲಸದಲ್ಲಿದ್ದೇನೆ.

ವಿದ್ಯಾನಗರ_07 (ಹುಬ್ಬಳ್ಳಿ)

ಒಂದು ಸಂಶಯ. 2ರ ಬ್ಲಿಂಕರ್ ಒಂದು ಕಡೆ, 3ರ ಪಲ್ಸರ್ ಬಹಳ ದೂರ ಇನ್ನೊಂದು ಕಡೆ ಇಟ್ಟರೆ, ಎರಡೂ ಸೇರಿ ಒಂದೇ ಚಿತ್ರ ಅಂತ ನೋಡಿದರೆ ಅವಧಿ 6 ಆಯಿತಲ್ಲ? ಲಸಾಅ ತೆಗೆದರೆ ಮುಗಿಯಿತು. ಹಾಗೆ ನೋಡಿದರೆ ಅವಿಭಾಜ್ಯ ಸಂಖ್ಯೆಗಳೂ ಅವುಗಳ ಘಾತಗಳೂ ಸಿಕ್ಕರೆ ಸಾಕು, ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ಹಾವೇರಿ_ಅಕ್ಕೋರು (ಹಾವೇರಿ)

ಲೆಕ್ಕ ಸರಿಯಾಗಿದೆ ತಮ್ಮಾ. ಆದರೆ ಅಂಥದನ್ನು ಈ ಕ್ಷೇತ್ರದವರು ಬರೀ ಜೋಡಣೆ ಅಂತ ಬದಿಗಿಡುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ. ಬ್ಲಿಂಕರ್‌ನ ಯಾವ ಮನೆಯನ್ನು ನೋಡು, ಅದು 2ರ ತಾಳದಲ್ಲೇ ಇದೆ. ಪಲ್ಸರ್‌ನ ಯಾವ ಮನೆಯನ್ನು ನೋಡು, 3ರ ತಾಳ. 6 ಹೆಜ್ಜೆಗೆ ಒಮ್ಮೆ ತಿರುಗುವ ಮನೆ ಒಂದೂ ಇಲ್ಲ. 6 ಇರುವುದು ನೋಡುವವರ ಲೆಕ್ಕದಲ್ಲಿ ಮಾತ್ರ. ಹಾಗಾಗಿ ಷರತ್ತು ಹೀಗೆ: ಕಡೇ ಪಕ್ಷ ಒಂದು ಮನೆಯಾದರೂ ಪೂರ್ತಿ ಅವಧಿಯ ತಾಳದಲ್ಲೇ ನಡೆಯಬೇಕು. ಎರಡು ಆಕಾರ ಹತ್ತಿರ ಬಂದು ಒಂದರ ಮೇಲೊಂದು ಪರಿಣಾಮ ಬೀರಿದಾಗ ಮಾತ್ರ ಅಂಥ ಮನೆ ಹುಟ್ಟುತ್ತದೆ.

ಇದನ್ನು ಮಕ್ಕಳಿಗೆ ಹೇಳಿಕೊಡಲು ಒಳ್ಳೆಯ ದಾರಿ ಇದೆ. ಒಂದೇ ಮನೆಯ ಮೇಲೆ ಬೆರಳಿಟ್ಟು, ಅದು ತುಂಬಿದರೆ 1, ಖಾಲಿಯಾದರೆ 0 ಅಂತ ಹೆಜ್ಜೆ ಹೆಜ್ಜೆಗೂ ಬರೆಯಲು ಹೇಳಿ. ಪ್ರತಿ ಮನೆಗೂ ತನ್ನದೇ ಸಾಲು ಬರುತ್ತದೆ. ಬ್ಲಿಂಕರ್‌ನಲ್ಲಿ ನಡುವಿನ ಮನೆ ಯಾವಾಗಲೂ 1. ಅಂಥ ಕದಲದ ಮನೆಗಳನ್ನು ಸ್ಟೇಟರ್ ಅನ್ನುತ್ತಾರೆ, ಬದಲಾಗುವವನ್ನು ರೋಟರ್. ಬ್ಲಿಂಕರ್‌ಗೆ ಸ್ಟೇಟರ್ 1, ರೋಟರ್ 4. ಸ್ಟೇಟರ್ ಒಂದೂ ಇಲ್ಲದ, ಪ್ರತಿ ಹೆಜ್ಜೆಗೂ ಇದ್ದವೆಲ್ಲ ಸತ್ತು ಹೊಸ ಮನೆಗಳೇ ತುಂಬುವ ಆಸಿಲೇಟರ್ ಕೂಡ ಇದೆ. ಅದಕ್ಕೆ ಫೀನಿಕ್ಸ್ ಅಂತ ಹೆಸರು, 12 ಮನೆಯದು, ಅವಧಿ 2.

ಉಣಕಲ್_ಕೋಡರ್ (ಹುಬ್ಬಳ್ಳಿ)

ಬಂದೆ. ಉದ್ದ ಆಗುತ್ತದೆ, ತಾಳ್ಮೆ ಇರಲಿ.

ದೊಡ್ಡ ಅವಧಿ ಬೇಕಾದರೆ ಏನು ಮಾಡಬೇಕು? ಒಂದು ಗ್ಲೈಡರ್ ದೂರ ಹೋಗಬೇಕು, ಏನಕ್ಕೋ ಬಡಿದು ತಿರುಗಿ ಬರಬೇಕು, ಮತ್ತೆ ಬಡಿದು ತಿರುಗಬೇಕು. ದೂರ ಹೆಚ್ಚು ಮಾಡಿದಷ್ಟೂ ಅವಧಿ ಹೆಚ್ಚು. ಹಾಗಾದರೆ ಬೇಕಾದದ್ದು ಗ್ಲೈಡರನ್ನು ತಿರುಗಿಸುವ ಒಂದು ವಸ್ತು. ಮಾಸ್ತರೆ, ನಿಮ್ಮ ಹುಡುಗ ಕಂಡ 15ರ ಆಕಾರ ಇದೆಯಲ್ಲ, ಪೆಂಟಾಡೆಕ್ಯಾಥ್ಲಾನ್, ಅದೇ ಈ ಕೆಲಸ ಮಾಡುತ್ತದೆ. ಸರಿಯಾದ ಕ್ಷಣದಲ್ಲಿ ಗ್ಲೈಡರ್ ಬಂದರೆ ಬಂದ ದಾರಿಗೇ ವಾಪಸ್ ಕಳಿಸುತ್ತದೆ. ಅಂಥ ಎರಡನ್ನು ಎದುರುಬದುರು ಇಟ್ಟು ನಡುವೆ ಗ್ಲೈಡರ್ ಬಿಟ್ಟರೆ ಅವಧಿ 60ರ ಆಸಿಲೇಟರ್. ಅದಕ್ಕೆ ರಿಲೇ ಅಂತ ಹೆಸರು.

ಈಗ ಎರಡರಲ್ಲಿ ಒಂದನ್ನು ಒಂದು ಮನೆ ದೂರ ಸರಿಸಿ ನೋಡಿ. ಗ್ಲೈಡರ್ ಒಂದು ಮನೆಗೆ 4 ಹೆಜ್ಜೆ ತಗೊಳ್ಳುತ್ತದೆ, ಹೋಗಿ ಬರಲು 8. ಅವಧಿ 68 ಆಗಬೇಕಿತ್ತು, ಆಗುವುದಿಲ್ಲ, ಎಲ್ಲ ಕೆಟ್ಟುಹೋಗುತ್ತದೆ. ಏಕೆಂದರೆ ಪೆಂಟಾಡೆಕ್ಯಾಥ್ಲಾನ್‌ಗೆ ತನ್ನದೇ 15ರ ತಾಳ ಇದೆ. ಗ್ಲೈಡರ್ ಆ ತಾಳಕ್ಕೆ ಸರಿಯಾಗಿ ಬರಬೇಕು. ಹೆಚ್ಚಿಸಿದ ಹೆಜ್ಜೆಗಳು 8ರಿಂದಲೂ ಭಾಗ ಆಗಬೇಕು, 15ರಿಂದಲೂ ಭಾಗ ಆಗಬೇಕು. ಅಂದರೆ 120. ಆದ್ದರಿಂದ 60, 180, 300 ಹೀಗೆ ಮಾತ್ರ ಸಿಗುತ್ತವೆ. ನಡುವಿನವು ಒಂದೂ ಇಲ್ಲ.

ಹಾಗಾಗಿ ಬೇಕಾದದ್ದು ತನ್ನದೇ ತಾಳ ಇಲ್ಲದ ತಿರುಗಿಸುವ ವಸ್ತು. ಸುಮ್ನೆ ಕೂತಿರಬೇಕು, ಗ್ಲೈಡರ್ ಯಾವಾಗ ಬಂದರೂ ತಿರುಗಿಸಬೇಕು, ಆಮೇಲೆ ತಾನು ಮೊದಲಿನ ಹಾಗೇ ಆಗಬೇಕು. ಗೋಡೆಗೆ ಚೆಂಡು ಒಗೆದ ಹಾಗೆ. ಗೋಡೆ ನಿಮ್ಮನ್ನು 'ಈಗ ಒಗೆಯಬೇಡ' ಅನ್ನುವುದಿಲ್ಲ ಅಲ್ವಾ. ಆದರೆ ಲೈಫ್‌ನಲ್ಲಿ ಅಂಥ ಗೋಡೆ ಕಟ್ಟುವುದು ಸುಲಭ ಅಲ್ಲ. ಯಾವುದೇ ಸ್ಥಿರ ಆಕಾರಕ್ಕೆ ಗ್ಲೈಡರ್ ಬಡಿದರೆ ಸಾಮಾನ್ಯವಾಗಿ ಇಬ್ಬರೂ ಹಾಳಾಗುತ್ತಾರೆ.

ಅಂಥ ಮೊದಲ ಗೋಡೆಯನ್ನು, ಅಂದರೆ ಸ್ಥಿರ ರಿಫ್ಲೆಕ್ಟರನ್ನು, 1996ರಲ್ಲಿ ಪಾಲ್ ಕ್ಯಾಲಹನ್ ಕಂಡುಹಿಡಿದರು. ಒಂದು ಗ್ಲೈಡರ್ ತಿರುಗಿಸಿ ಮತ್ತೆ ತಯಾರಾಗಲು ಅದಕ್ಕೆ 4840 ಹೆಜ್ಜೆ ಬೇಕಿತ್ತು. 2001ರಲ್ಲಿ ಡೇವ್ ಗ್ರೀನ್ ಅವರದು 202ಕ್ಕೆ ಇಳಿಯಿತು. 2009ರಲ್ಲಿ ಆಡಂ ಗೌಚರ್ ಅವರದು 106. ಆಮೇಲೆ 2013ರ ಏಪ್ರಿಲ್‌ನಲ್ಲಿ ಮೈಕ್ ಪ್ಲೇಲ್ ಅವರ ಸ್ನಾರ್ಕ್ ಬಂತು. 43 ಹೆಜ್ಜೆ ಸಾಕು! ಆಕಾರವೂ ಪುಟ್ಟದು. ಗ್ಲೈಡರನ್ನು 90 ಡಿಗ್ರಿ ತಿರುಗಿಸುತ್ತದೆ. ನಾಲ್ಕು ಸ್ನಾರ್ಕ್ ಇಟ್ಟರೆ ಗ್ಲೈಡರ್ ಸುತ್ತುತ್ತಾ ಇರುತ್ತದೆ. ದಾರಿಯ ಉದ್ದ ಬದಲಿಸಿ, ಅದೇ ದಾರಿಯಲ್ಲಿ ಒಂದಕ್ಕಿಂತ ಹೆಚ್ಚು ಗ್ಲೈಡರ್‌ಗಳನ್ನು ಸಮ ಅಂತರದಲ್ಲಿ ಬಿಟ್ಟು, ಬೇಕಾದ ಅವಧಿಗೆ ಹೊಂದಿಸಬಹುದು. ಒಂದೇ ಷರತ್ತು, ಗ್ಲೈಡರ್‌ಗಳ ನಡುವೆ 43 ಹೆಜ್ಜೆಗಿಂತ ಕಡಿಮೆ ಅಂತರ ಇರಬಾರದು. ಅಲ್ಲಿಗೆ 43 ಮತ್ತು ಅದರ ಮೇಲಿನ ಎಲ್ಲ ಸಂಖ್ಯೆಗಳೂ ಒಂದೇ ಏಟಿಗೆ ಮುಗಿದವು.

ಅದಕ್ಕೂ ಮೊದಲು 1996ರಲ್ಲಿ ಬಕಿಂಗ್‌ಹ್ಯಾಮ್ ಅವರೇ ಬೇರೆ ಉಪಾಯದಿಂದ 61ರಿಂದ ಮೇಲಿನ ಎಲ್ಲವನ್ನೂ ಮುಗಿಸಿದ್ದರು. ಗ್ಲೈಡರ್ ಬದಲು ಹರ್ಷಲ್ ಅನ್ನುವ ಏಳು ಮನೆಯ ಆಕಾರವನ್ನು, ಸ್ಥಿರ ಆಕಾರಗಳ ನಡುವಿನ ಕಾಲುವೆಯಲ್ಲಿ ಹರಿಸುತ್ತಾ ಸುತ್ತಿಸುವುದು. ಅದರ ಸೊಗಸೇ ಬೇರೆ. ಯಾರಿಗಾದರೂ ಸಮಯ ಇದ್ದರೆ ಒಂದು ಹರ್ಷಲ್ ಸುತ್ತನ್ನು ನಿಧಾನಕ್ಕೆ ಓಡಿಸಿ ನೋಡಿ.

ಈಗ 19ಕ್ಕೆ ಯಾಕೆ ಇದು ನಡೆಯುವುದಿಲ್ಲ ಅಂತ ಗೊತ್ತಾಯಿತಲ್ಲ. ಗೋಡೆ ತಯಾರಾಗಲಿಕ್ಕೇ 43 ಹೆಜ್ಜೆ ಬೇಕು. 19 ಹೆಜ್ಜೆಯಲ್ಲಿ ಹೋಗಿ ಬರಲು ಪುರುಸೊತ್ತೇ ಇಲ್ಲ. ಸಣ್ಣ ಅವಧಿಯಲ್ಲಿ ಎಲ್ಲ ಇಕ್ಕಟ್ಟು. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಹುಡುಕಬೇಕು, ಒಂದರ ಉಪಾಯ ಇನ್ನೊಂದಕ್ಕೆ ಆಗುವುದಿಲ್ಲ.

ಸಾಧನಕೇರಿ_ಮಾಸ್ತರ (ಧಾರವಾಡ)

ಎಷ್ಟು ಚೆನ್ನಾಗಿ ಬರೆದಿರಿ! 8 ಮತ್ತು 15ರ ಲೆಕ್ಕ ನೇರವಾಗಿ ತರಗತಿಗೆ ಹೋಗುತ್ತದೆ. ಲಸಾಅ ಯಾಕೆ ಬೇಕು ಅಂತ ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಿಕ್ಕಿಲ್ಲ.

ಹಾಗಾದರೆ 43ಕ್ಕಿಂತ ಕೆಳಗೆ ಹೇಗೆ ಹುಡುಕಿದರು? ಎಲ್ಲ ಚಿತ್ರಗಳನ್ನೂ ಕಂಪ್ಯೂಟರಿಗೆ ಕೊಟ್ಟು ಪರೀಕ್ಷಿಸಲು ಆಗುವುದಿಲ್ಲವಾ?

ಉಣಕಲ್_ಕೋಡರ್ (ಹುಬ್ಬಳ್ಳಿ)

ಆಗುವುದಿಲ್ಲ ಮಾಸ್ತರೆ. 20×20 ಅಂದರೆ 400 ಮನೆ, 2ರ 400ನೇ ಘಾತದಷ್ಟು ಚಿತ್ರಗಳು. 1ರ ಮುಂದೆ 120 ಸೊನ್ನೆಗಿಂತ ಜಾಸ್ತಿ. ಯಾವ ಯಂತ್ರಕ್ಕೂ ಮುಗಿಯದ ಲೆಕ್ಕ.

ಹುಡುಕುವವರ ಉಪಾಯ ಹೀಗೆ. ನಡುವೆ ಒಂದು ಚಟುವಟಿಕೆಯ ಆಕಾರ ಇಡುತ್ತಾರೆ, ಬಿಟ್ಟರೆ ಹರಡಿಕೊಂಡು ಹೋಗುವಂಥದ್ದು. ಸುತ್ತಲೂ ಸ್ಥಿರ ಆಕಾರಗಳನ್ನು ಇಟ್ಟು ಅದನ್ನು ಅಂಕೆಯಲ್ಲಿ ಹಿಡಿಯುತ್ತಾರೆ. ಆ ಸ್ಥಿರ ಆಕಾರಗಳು ಪೆಟ್ಟು ತಿಂದರೂ ಕೆಲ ಹೆಜ್ಜೆಗಳಲ್ಲಿ ಚೇತರಿಸಿಕೊಳ್ಳಬೇಕು. ಯಾವ ಆಕಾರ, ಎಲ್ಲಿ ಅಂತ ಮೊದಲೇ ತೀರ್ಮಾನಿಸುವುದಿಲ್ಲ. ಸುತ್ತಲಿನ ಮನೆಗಳನ್ನು 'ಇನ್ನೂ ಗೊತ್ತಿಲ್ಲ' ಅಂತ ಬಿಟ್ಟಿರುತ್ತಾರೆ. ಚಟುವಟಿಕೆ ಅಲ್ಲಿಗೆ ಮುಟ್ಟಿದಾಗ ಮಾತ್ರ ತುಂಬಿದೆಯೋ ಖಾಲಿಯೋ ಅಂತ ಎರಡೂ ದಾರಿ ನೋಡುತ್ತಾ, ಕೆಟ್ಟ ದಾರಿಗಳನ್ನು ಬೇಗ ಬಿಡುತ್ತಾ ಹೋಗುತ್ತಾರೆ. ಪ್ಲೇಲ್ ಅವರು ಸ್ನಾರ್ಕ್ ಕಂಡದ್ದು ಬೆಲ್‌ಮನ್ ಅನ್ನುವ ಇಂಥದೇ ಪ್ರೋಗ್ರಾಂನಿಂದ. ಅದರ ಮುಂದಿನ ಪೀಳಿಗೆ ಬ್ಯಾರಿಸ್ಟರ್, ಮಿಚೆಲ್ ರೈಲಿ ಬರೆದದ್ದು. 19ರ ಆಸಿಲೇಟರ್ ಕ್ರಿಬೇಜ್ ರೈಲಿ ಅವರದೇ. 41ರದ್ದು ನಿಕೊ ಬ್ರೌನ್ ಅವರದು, 204 ಮನೆಯದು.

ಸ್ನಾರ್ಕ್ ಬಂದ ಮೇಲೆ, ಬರೀ ಜೋಡಣೆಯಿಂದಲೂ ಸಿಗದೆ ಉಳಿದಿದ್ದ ಸಂಖ್ಯೆಗಳು 19, 23, 38, 41. 23 ಸಿಕ್ಕಿದ್ದು 2019ರಲ್ಲಿ, ಲೂಕಾ ಒಕನಿಶಿ ಅವರಿಂದ. ಹಿಲ್ಬರ್ಟ್ 1900ರಲ್ಲಿ ಪಟ್ಟಿ ಮಾಡಿದ ಸಮಸ್ಯೆಗಳು 23, ಆ ಆಸಿಲೇಟರ್‌ನ ಹೆಸರೂ ಡೇವಿಡ್ ಹಿಲ್ಬರ್ಟ್. ಆಮೇಲೆ ಡೇವಿಡ್ ರೌಚಿ ಅವರು 38 ತಂದರು. 38 ಅಂದರೆ 2×19. 19 ಇಲ್ಲದಿರುವಾಗಲೇ 38 ಬಂತು ನೋಡಿ, ಅಂದರೆ ಜೋಡಣೆಯಿಂದ ಬಂದದ್ದಲ್ಲ, ಪೂರ್ತಿ ಸ್ವಂತದ್ದು.

ಬೆಟಗೇರಿ_ಮಗ್ಗ (ಗದಗ)

ಎಲ್ಲ ಓದಿದೆ, ಬಹುಪಾಲು ತಿಳಿಯಿತು. ನನ್ನ ಪ್ರಶ್ನೆ ಬೇರೆ. ಬಟ್ಟೆಯಲ್ಲಿ ಹೊಕ್ಕಿನ ಒಂದು ಎಳೆ ಆದ ಮೇಲೆ ಇನ್ನೊಂದು ಎಳೆ ಬರುತ್ತದೆ. ಒಂದೇ ಸಾಲಿನ ಆಟ ಇದ್ದರೆ, ಪ್ರತಿ ಹೆಜ್ಜೆಯನ್ನೂ ಮುಂದಿನ ಎಳೆ ಅಂತ ಇಟ್ಟರೆ, ಅಂಚಿನ ಡಿಸೈನ್ ತಾನಾಗಿ ಬರುತ್ತದಲ್ಲ? ಮರುಕಳಿಸುವುದು ಅಂಚಿಗೆ ಬೇಕೇ ಬೇಕು.

ವಿದ್ಯಾನಗರ_07 (ಹುಬ್ಬಳ್ಳಿ)

ಬರುತ್ತದೆ ಅಣ್ಣಾ! ಒಂದೇ ಸಾಲಿನ ಆಟಗಳೂ ಇವೆ. ಸ್ಟೀಫನ್ ವುಲ್‌ಫ್ರಂ ಅವಕ್ಕೆ 0ರಿಂದ 255ರವರೆಗೆ ನಂಬರ್ ಕೊಟ್ಟಿದ್ದಾರೆ. ಕೈಯಲ್ಲೇ ಮಾಡಲು ಸುಲಭವಾದದ್ದು ನಿಯಮ 90. ಎಡ ನೆರೆ, ಬಲ ನೆರೆ ಎರಡನ್ನೂ ನೋಡಿ. ಎರಡರಲ್ಲಿ ಒಂದು ಮಾತ್ರ ತುಂಬಿದ್ದರೆ ಮುಂದಿನ ಸಾಲಿನಲ್ಲಿ ಆ ಮನೆ ತುಂಬುತ್ತದೆ, ಎರಡೂ ತುಂಬಿದ್ದರೂ ಎರಡೂ ಖಾಲಿ ಇದ್ದರೂ ಅದು ಖಾಲಿ.

ಐದು ಮನೆ ತಗೊಳ್ಳಿ, ಕೊನೆಯ ಮನೆಯ ಪಕ್ಕ ಮೊದಲ ಮನೆ ಅಂತ ಇಟ್ಟುಕೊಳ್ಳಿ. ನಡುವೆ ಒಂದು ತುಂಬಿ ಶುರು ಮಾಡಿ.

□□■□□
□■□■□
■□□□■
■■□■■
□■□■□

ಐದನೇ ಸಾಲು ಎರಡನೇ ಸಾಲಿನ ಹಾಗೇ ಬಂತು. ಇನ್ನು ಮುಂದೆ ಪ್ರತಿ ಮೂರು ಎಳೆಗೆ ಅದೇ. ಗಮನಿಸಿ, ಮೊದಲ ಸಾಲು ಮತ್ತೆ ಯಾವತ್ತೂ ಬರುವುದಿಲ್ಲ.

ಏಳು ಮನೆ ತಗೊಂಡರೆ 7 ಎಳೆಗೆ ಒಮ್ಮೆ ಮರುಕಳಿಸುತ್ತದೆ. ಎಂಟು ಮನೆ ತಗೊಂಡರೆ ನಾಲ್ಕೇ ಹೆಜ್ಜೆಯಲ್ಲಿ ಎಲ್ಲ ಖಾಲಿ! 2, 4, 8, 16 ಹೀಗೆ ಎರಡರ ಘಾತ ಇದ್ದರೆ ಯಾವತ್ತೂ ಖಾಲಿಯೇ ಆಗುವುದು. ಅಂಚಿಗೆ 8 ಇಡಬೇಡಿ, 7 ಇಡಿ.

ಬೆಟಗೇರಿ_ಮಗ್ಗ (ಗದಗ)

7ರದ್ದು ಹಾಳೆಯ ಮೇಲೆ ಬಿಡಿಸಿದೆ. ಚೆನ್ನಾಗಿ ಬರುತ್ತದೆ. ಮಗ್ಗದಲ್ಲಿ ಎಳೆ ಎತ್ತುವ ಡಾಬಿಗೆ ಹೊಂದಿಸಿ ನೋಡುತ್ತೇನೆ.

ಸಾಧನಕೇರಿ_ಮಾಸ್ತರ (ಧಾರವಾಡ)

ಕಂಪ್ಯೂಟರ್ ಇಲ್ಲದ ಶಾಲೆಯವರಿಗೆ ಒಂದು ವಿಚಾರ. ನಮ್ಮ ಕಡೆ ಹಳೆಯ ಶಾಲೆಗಳ ಪಡಸಾಲೆಗೆ ಶಹಾಬಾದ ಫರಶಿ ಹಾಕಿರುತ್ತಾರೆ. ಒಂದೊಂದು ಫರಶಿಗೆ ಒಬ್ಬೊಬ್ಬರು. ನಿಂತರೆ ತುಂಬಿದ ಮನೆ, ಕೂತರೆ ಖಾಲಿ ಮನೆ. ಇದನ್ನು ಆಡಿಸಬೇಕೆಂದಿದ್ದೇನೆ. ಬ್ಲಿಂಕರ್‌ಗೆ ಎಷ್ಟು ಜಾಗ ಬೇಕಾಗಬಹುದು?

ಹಾವೇರಿ_ಅಕ್ಕೋರು (ಹಾವೇರಿ)

ಮಾಸ್ತರೆ, 5×5 ಇದ್ದರೆ ಬ್ಲಿಂಕರ್ ಆರಾಮಾಗಿ ಆಗುತ್ತದೆ, ಅಂಚಿನ ಮಕ್ಕಳು ಕೂತೇ ಇರುತ್ತಾರೆ. ಟೋಡ್‌ಗೆ 6×6. ಪಲ್ಸರ್‌ಗೆ ಹೋಗಬೇಡಿ. ಅದು ಪೂರ್ತಿ ಅರಳಿದಾಗ 15×15 ಜಾಗ ಬೇಡುತ್ತದೆ, 225 ಮಕ್ಕಳು ಬೇಕು.

ಒಂದು ಎಚ್ಚರ. ಎರಡು ಸೀಟಿ ಇರಲಿ. ಮೊದಲ ಸೀಟಿಗೆ ಎಲ್ಲರೂ ನೆರೆಯವರನ್ನು ಎಣಿಸಿ ಮನಸ್ಸಿನಲ್ಲೇ ತೀರ್ಮಾನ ಮಾಡಲಿ, ಯಾರೂ ಕದಲಬಾರದು. ಎರಡನೇ ಸೀಟಿಗೆ ಎಲ್ಲರೂ ಒಟ್ಟಿಗೆ ಬದಲಾಗಲಿ. ಒಬ್ಬರಾದ ಮೇಲೆ ಒಬ್ಬರು ಬದಲಾದರೆ ಆಟವೇ ಬೇರೆ ಆಗುತ್ತದೆ. ಬ್ಲಿಂಕರನ್ನೇ ನೋಡಿ. ಮೇಲಿನ ಸಾಲಿನಿಂದ ಎಡದಿಂದ ಬಲಕ್ಕೆ ಒಬ್ಬೊಬ್ಬರೇ ಬದಲಾಗುತ್ತಾ ಬಂದರೆ, ನಡುವಿನ ಮೇಲಿನ ಮನೆ ಸರಿಯಾಗಿಯೇ ಎದ್ದು ನಿಲ್ಲುತ್ತದೆ. ಆದರೆ ಅದರ ಬಲಗಡೆಯ ಹುಡುಗಿ ಈಗ ಎಣಿಸಿದರೆ ಕೆಳಗಿನ ಸಾಲಿನಲ್ಲಿ ಎರಡು, ಪಕ್ಕದಲ್ಲಿ ಈಗಷ್ಟೇ ನಿಂತದ್ದು ಒಂದು, ಒಟ್ಟು ಮೂರು. ಅವಳೂ ನಿಲ್ಲುತ್ತಾಳೆ. ಅವಳು ನಿಲ್ಲಬಾರದಿತ್ತು.

ಹಾಗೇ ಒಂದು ಸಾಲಿನ ಪ್ರಯೋಗ ಮಕ್ಕಳಿಗೆ ಹಾಳೆಯ ಮೇಲೆ ಕೊಡಿ. ಒಂದು, ಎರಡು, ಮೂರು ಹೀಗೆ ಎಷ್ಟು ಮನೆ ಸಾಲಾಗಿ ತುಂಬಿದರೆ ಏನಾಗುತ್ತದೆ ಅಂತ. 1, 2 ಸಾಯುತ್ತವೆ. 3 ಬ್ಲಿಂಕರ್. 4 ಜೇನುಗೂಡಿನ ಆಕಾರಕ್ಕೆ ಬಂದು ಸ್ಥಿರ ನಿಲ್ಲುತ್ತದೆ. 5 ನಾಲ್ಕು ಬ್ಲಿಂಕರ್ ಆಗುತ್ತದೆ. 6 ಸಾಯುತ್ತದೆ. ಉದ್ದಕ್ಕೂ ಫಲಿತಾಂಶಕ್ಕೂ ಏನೂ ನೇರ ಸಂಬಂಧ ಕಾಣಿಸುವುದಿಲ್ಲ. ಹಾಗಾಗಿ ಮಕ್ಕಳು ಪ್ರತಿಯೊಂದನ್ನೂ ಮಾಡಿಯೇ ನೋಡಬೇಕು. ಹತ್ತಕ್ಕೆ ಬರುವಷ್ಟರಲ್ಲಿ ಹಾಳೆ ಬಹಳ ಬೇಕು, ಅಲ್ಲಿಂದ ಕಂಪ್ಯೂಟರ್ ತಗೊಳ್ಳಿ. 'ಗಾಲಿ' ಅನ್ನುವ ಉಚಿತ ತಂತ್ರಾಂಶ ಹಾಕಿಸಿ. ಅದರಲ್ಲಿ ನೀವಾಗಿ ಮಿತಿ ಹಾಕದಿದ್ದರೆ ಬಯಲಿಗೆ ಅಂಚೇ ಇಲ್ಲ, ಗ್ಲೈಡರ್ ಸುತ್ತಿ ಬರುವ ತೊಂದರೆಯೂ ಇಲ್ಲ.

ವಿದ್ಯಾನಗರ_07 (ಹುಬ್ಬಳ್ಳಿ)

ಅಕ್ಕೋರೆ, ಕೊನೆಯದಾಗಿ ಒಂದು ಕೇಳುತ್ತೇನೆ. ನಿಯಮ ಬದಲಿಸಿದರೂ ಎಲ್ಲ ಅವಧಿಗಳು ಸಿಗುತ್ತವಾ? ಲೈಫ್‌ನದು ಬಿ3/ಎಸ್23, ಅಂದರೆ 3 ನೆರೆ ಇದ್ದರೆ ಹುಟ್ಟು, 2 ಅಥವಾ 3 ಇದ್ದರೆ ಉಳಿವು. ಬೇರೆ ಸಂಖ್ಯೆ ಹಾಕಿದರೆ?

ಹಾವೇರಿ_ಅಕ್ಕೋರು (ಹಾವೇರಿ)

ಎಲ್ಲ ನಿಯಮಕ್ಕೂ ಸಿಗುವುದಿಲ್ಲ. ಕೆಲವು ನಿಯಮಗಳಲ್ಲಿ ಒಂದೂ ಇಲ್ಲ ಅಂತ ಪೂರ್ತಿ ಸಾಧಿಸಿಯೇ ಹೇಳಬಹುದು. ಎರಡು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಸುಲಭ. ಹುಟ್ಟುವ ನಿಯಮ ಲೈಫ್‌ನದೇ, ಆದರೆ ಒಮ್ಮೆ ತುಂಬಿದ ಮನೆ ಎಂದಿಗೂ ಖಾಲಿಯಾಗುವುದಿಲ್ಲ. ಇಲ್ಲಿ ತುಂಬಿದ ಮನೆಗಳ ಸಂಖ್ಯೆ ಹೆಚ್ಚಬಹುದು ಅಥವಾ ಅಷ್ಟೇ ಇರಬಹುದು. ಒಂದು ಮನೆ ಹೊಸದಾಗಿ ತುಂಬಿತೆಂದರೆ ಹಳೆಯ ರೂಪಕ್ಕೆ ದಾರಿ ಮುಚ್ಚಿತು. ಹಾಗಾಗಿ ಕದಲದೆ ಇರುವ ಆಕಾರಗಳು ಉಂಟು, ಆಸಿಲೇಟರ್ ಒಂದೂ ಇಲ್ಲ. ಇದನ್ನು ಒಂಬತ್ತನೇ ತರಗತಿಯ ಮಕ್ಕಳೇ ಸಾಧಿಸಬಲ್ಲರು.

ಎರಡನೆಯದು ಇನ್ನೂ ಚೆಂದ. ಎಂಟು ನೆರೆಗಳಲ್ಲಿ ತುಂಬಿದವು ಬೆಸ ಸಂಖ್ಯೆಯಲ್ಲಿದ್ದರೆ ಮನೆ ತುಂಬುತ್ತದೆ, ಸಮ ಇದ್ದರೆ ಖಾಲಿ. ತಾನು ತುಂಬಿದೆಯೋ ಇಲ್ಲವೋ ಲೆಕ್ಕಕ್ಕಿಲ್ಲ. ಬಿ1357/ಎಸ್1357. ಇಲ್ಲಿ ಯಾವ ಆಕಾರವನ್ನೇ ಇಟ್ಟರೂ 2, 4, 8, 16, 32 ಹೀಗೆ ಎರಡರ ಘಾತದ ಹೆಜ್ಜೆಗಳಲ್ಲಿ ಅದರ ಎಂಟು ನಕಲುಗಳು ಎಂಟು ದಿಕ್ಕಿಗೆ ಅಷ್ಟಷ್ಟೇ ಮನೆ ದೂರದಲ್ಲಿ ಬರುತ್ತವೆ. ಇದಕ್ಕೆ ಕಾರಣ ನೀನು ಮೇಲೆ ತೋರಿಸಿದ ನಿಯಮ 90ರದ್ದೇ, ಬೆಸ-ಸಮ ಲೆಕ್ಕದಲ್ಲಿ ನಡುವಿನವೆಲ್ಲ ಜೋಡಿ ಜೋಡಿಯಾಗಿ ಅಳಿಸಿಹೋಗುತ್ತವೆ. ಈಗ ಒಂದು ಆಸಿಲೇಟರ್ ಇದೆ ಅಂದುಕೋ. ಅದು ಯಾವಾಗಲೂ ಒಂದು ಅಂಗಳದೊಳಗೇ ಇರಬೇಕು. ಆದರೆ ಸಾಕಷ್ಟು ದೊಡ್ಡ ಘಾತ ತಗೊಂಡರೆ ಅದರ ನಕಲುಗಳು ಆ ಅಂಗಳದ ಹೊರಗೆ, ಒಂದಕ್ಕೊಂದು ತಾಗದಷ್ಟು ದೂರದಲ್ಲಿ ನಿಂತಿರುತ್ತವೆ. ಎರಡೂ ಒಟ್ಟಿಗೆ ನಿಜ ಆಗಲಾರವು. ಹಾಗಾಗಿ ಆ ನಿಯಮದಲ್ಲಿ ಸ್ಥಿರ ಆಕಾರವೂ ಇಲ್ಲ, ಆಸಿಲೇಟರೂ ಇಲ್ಲ, ಖಾಲಿ ಹಾಳೆಯೊಂದನ್ನು ಬಿಟ್ಟು.